ಕೋಟೆಯೊಳಗಿನ ಮೇಡ

ಶಿರಾದ ಹಳೆಯ ಪೇಟೆಯನ್ನು ನನಗೆ ಕಾಲ್ನಡಿಗೆಯಲ್ಲಿ ಸುತ್ತಿಸಿ ತೋರಿಸಿದವರು ಒಬ್ಬ ಡ್ರಿಲ್ ಮೇಷ್ಟ್ರು. ನಾನಾದರೋ ಅದೇ ಊರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಈ ಎರಡು ಮಾತನ್ನು ಒಟ್ಟಿಗೆ ಬರೆಯುವಾಗ ಈಗಲೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ಹೋದ ತಿಂಗಳು ಅವರು ತೀರಿಕೊಂಡರು. ಆವತ್ತಿನಿಂದ ಅವರ ಬಗ್ಗೆ ಯಾರ ಹತ್ತಿರವಾದರೂ ಹೇಳಬೇಕು ಅನ್ನಿಸುತ್ತಲೇ ಇದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಡ್ರಿಲ್ ಮೇಷ್ಟ್ರು ಅಂದರೆ ಆಟೋದವರು ನೇರ ಮನೆ ಬಾಗಿಲಿಗೇ ಬಿಡುತ್ತಿದ್ದರು. ಮಟನ್ ಅಂಗಡಿಯವನಿಂದ ಹಿಡಿದು ಮೊಬೈಲ್ ರಿಪೇರಿ ಹುಡುಗನವರೆಗೆ ಎಲ್ಲರೂ ಅವರ ಕೈಯಲ್ಲಿ ಮೈದಾನ ಸುತ್ತಿ ಬೈಸಿಕೊಂಡವರೇ. ಅವರ ಹೆಂಡತಿ ಕೂಡ ಅವರನ್ನು ‘ಮೇಷ್ಟ್ರೇ’ ಅಂತಲೇ ಕೂಗುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅದು ಬೇರೆ ಆಗುತ್ತಿತ್ತು, ಅದನ್ನು ಮುಂದೆ ಹೇಳುತ್ತೇನೆ.

ನಾನು ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಶಿರಾಕ್ಕೆ ಹೋಗಿ ಬರುವವಳು. ಒಂದು ದಿನ ಸ್ಟಾಫ್ ರೂಮಿಗೆ ನನ್ನ ಕ್ಲಾಸಿನ ಒಬ್ಬ ಹುಡುಗಿ ಫೋನ್ ತಂದು ಹಿಡಿದಳು. “ಮೇಡಂ, ನಮ್ಮೂರ್ನಾಗೂ ಗೈಡು ಅವ್ರೆ, ನೋಡಿ.” ಪರದೆಯ ಮೇಲೆ ಹೀಗಿತ್ತು: ‘ಶಿರಾ ಪ್ರೈವೇಟ್ ವಾಕಿಂಗ್ ಟೂರ್. ಒಂದು ಸಲಕ್ಕೆ ಒಂದೇ ಕುಟುಂಬ. ಶೂ ಹಾಕಿಕೊಂಡು ಬರತಕ್ಕದ್ದು. ಟೀ ನಿಮ್ಮದು.’ ಆ ‘ಬರತಕ್ಕದ್ದು’ ನೋಡಿ ಇಡೀ ಸ್ಟಾಫ್ ರೂಮು ನಕ್ಕಿತು. ನನಗೆ ಮಾತ್ರ ಕುತೂಹಲಕ್ಕಿಂತ ಹೆಚ್ಚಾಗಿ ಉರಿ. ಇತಿಹಾಸ ಓದಿದ ನಾವೆಲ್ಲ ಸಿಲಬಸ್ ಮುಗಿಸಲು ಏದುಸಿರು ಬಿಡುತ್ತಿದ್ದರೆ ಇದ್ಯಾರಪ್ಪ ಊರಿನ ಚರಿತ್ರೆ ಹೇಳಲು ಹೊರಟ ಮಹಾಶಯ ಅಂತ ಅಲ್ಲೇ ಫೋನ್ ಮಾಡಿದೆ.

“ಕುಟುಂಬ ಎಷ್ಟು ಜನ?” ಅಂತ ಗಡಸು ದನಿ ಕೇಳಿತು.

“ನಾನೊಬ್ಬಳೇ.”

“ಒಬ್ರೂ ಕುಟುಂಬನೇ ಕಣಮ್ಮ. ಶನಿವಾರ ಬೆಳಿಗ್ಗೆ ಕೋಟೆ ಬಾಗಿಲಿಗೆ ಬನ್ನಿ. ಶೂ!”

ನಾನು ಬೇಕಂತಲೇ ಚಪ್ಪಲಿ ಹಾಕಿಕೊಂಡು ಹೋದೆ. ಬಿಳೀ ಕ್ಯಾನ್ವಾಸ್ ಶೂ, ಇಸ್ತ್ರಿ ಮಾಡಿದ ಪ್ಯಾಂಟು, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದರು. “ಚಪ್ಪಲಿ. ಹೂಂ. ಬಿದ್ರೆ ನಾನು ಜವಾಬ್ದಾರನಲ್ಲ” ಅಂದವರೇ ಕೋಟೆಯ ಕಡೆ ಕೈ ಚಾಚಿದರು. “ಇದು ಕೋಟೆ. ಮೊದ್ಲು ಬಿಜಾಪುರದೋರು ಟಾಸ್ ಗೆದ್ರು. ಆಮೇಲೆ ಮೊಗಲ್ರು ರೈಡ್ ಬಂದ್ರು. ಒಳ್ಳೆ ರೈಡು. ಇದ್ದೋರೆಲ್ಲ ಔಟು. ಆಮೇಲೆ ಮರಾಠ್ರು ಬಂದು ಕಾಲು ಹಿಡ್ಕಂಡ್ರು.”

“ಕಾಲು ಹಿಡ್ಕೊಂಡ್ರಾ? ಶರಣಾದ್ರಾ?”

“ಅಯ್ಯೋ, ಕ್ಯಾಚು ಕಣಮ್ಮ! ಕಬಡ್ಡಿ ಆಡಿಲ್ವಾ ನೀವು?”

ಇದು ಯಾವ ಶತಮಾನದ ಮಾತು ಅಂತ ಕೇಳಿದೆ. “ಅದೆಲ್ಲ ನಿಮ್ಮ ಡಿಪಾರ್ಟ್‌ಮೆಂಟು. ಯಾರು ಗೆದ್ರು, ಯಾರು ಸೋತ್ರು, ಅಷ್ಟೇ ನಮ್ದು” ಅಂದರು. ಜೊತೆಗೆ ಕೋಟೆಯೊಳಗಿನಿಂದ ಮಧುಗಿರಿ ಬೆಟ್ಟಕ್ಕೆ ಸುರಂಗ ಇದೆ ಅಂತಲೂ ಹೇಳಿದರು. ನನಗೆ ತಡೆಯಲಾಗಲಿಲ್ಲ. “ಮೇಷ್ಟ್ರೇ, ನಾನು ದಿನಾ ಮಧುಗಿರಿಯಿಂದ ಬಸ್ಸಲ್ಲಿ ನಿಂತ್ಕೊಂಡು ಬರ್ತೀನಿ. ಸುರಂಗ ಇದ್ದಿದ್ರೆ ಅದರಲ್ಲೇ ಬರ್ತಿರಲಿಲ್ವಾ?”

ಅವರು ಒಂಚೂರೂ ವಿಚಲಿತರಾಗಲಿಲ್ಲ. “ಇತ್ತು ಕಣಮ್ಮ. ಮುಚ್ಚೋಗೈತೆ.”

ಆಮೇಲೆ ಗೊತ್ತಾಯಿತು, ಅವರ ಹತ್ತಿರ ಎಲ್ಲ ಪ್ರಶ್ನೆಗೂ ಇದೊಂದೇ ಉತ್ತರ. ಇತ್ತು, ಮುಚ್ಚೋಗೈತೆ. ಇತ್ತು, ಬಿದ್ದೋಗೈತೆ. ಇತ್ತು, ಯಾರೋ ಎತ್ಕಂಡೋದ್ರು. ಇಲ್ಲ, ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಕೋಟೆಯನ್ನು ಐದು ನಿಮಿಷದಲ್ಲಿ ಮುಗಿಸಿ ಪೇಟೆಯೊಳಗೆ ಕಾಲಿಟ್ಟ ಮೇಲೆ ಆ ಮನುಷ್ಯನ ಚಹರೆಯೇ ಬದಲಾಯಿತು. ಬಾಷಾ ಅನ್ನುವ ಹಳೇ ಶಿಷ್ಯ ಟೀ ಅಂಗಡಿಯಿಂದಲೇ “ಆವೋ ಮಾಸ್ಟರ್ ಸಾಬ್!” ಅಂತ ಕೂಗಿದ. ನಾನು ಮೊದಲು ಮಸೀದಿ ನೋಡೋಣ ಅಂದೆ. “ಮಸೀದಿ ಎಲ್ಲೂ ಓಡೋಗಲ್ಲ, ಟೀ ಆರೋಯ್ತದೆ” ಅಂತ ಕೂರಿಸಿದರು. ಜುಮ್ಮಾ ಮಸೀದಿಯ ಮುಂದೆ ಎಲ್ಲರ ಪಾದರಕ್ಷೆಗಳನ್ನೂ ತಾವೇ ಬಗ್ಗಿ, ಮೂತಿ ಮುಂದೆ ಬರುವ ಹಾಗೆ ಸಾಲಾಗಿ ಜೋಡಿಸಿದರು. ನಮ್ಮದಲ್ಲದವನ್ನೂ ಜೋಡಿಸಿದರು. ರಸ್ತೆ ದಾಟುವಾಗ ನಡುವೆ ನಿಂತು ಎರಡೂ ಕೈ ಚಾಚಿದರೆ ಬಸ್ಸು ಗಕ್ಕನೆ ನಿಲ್ಲುತ್ತಿತ್ತು, ಡ್ರೈವರು ಕೂತಲ್ಲೇ ನಮಸ್ಕಾರ ಹೊಡೆಯುತ್ತಿದ್ದ.

ಒಂದು ಓಣಿಯಲ್ಲಿ ಹಳೇ ಮನೆಯ ಕಿಟಕಿಯ ಮುಂದೆ ನಿಂತರು. ಇದರ ಇತಿಹಾಸ ಏನೋ ಅಂತ ನಾನು ಕಾದೆ. ಒಳಗೆ ಲಕ್ವ ಹೊಡೆದು ಮಲಗಿದ್ದ ನಡುವಯಸ್ಸಿನ ಗಂಡಸು. ಮೇಷ್ಟ್ರು ಕಿಟಕಿಯ ಸರಳು ಹಿಡಿದು, “ಏಯ್! ಬಲಗೈ ಮೇಲೆ!” ಅಂತ ಗುಡುಗಿದರು. ಆತ ಹಲ್ಲು ಕಚ್ಚಿ ಕೈಯನ್ನು ಎದೆಯ ತನಕ ಎತ್ತಿದ. “ನಿನ್ನೆ ಇಷ್ಟೂ ಎತ್ತಿರ್ಲಿಲ್ಲ ನೀನು. ನಾಳೆ ಹೆಗಲಿಗೆ ಬರ್ಬೇಕು, ಗೊತ್ತಾಯ್ತೇನ್ಲಾ?” ಅಂದು ನನ್ನ ಕಡೆ ತಿರುಗಿ, “ಇವ್ನು ಒಳ್ಳೆ ರೈಡರ್ ಆಗಿದ್ದ. ನಡೀರಿ” ಅಂದರು. ಯಾವ ಕುಟುಂಬ ಟೂರ್‌ಗೆ ಬಂದರೂ ಆ ಕಿಟಕಿಯ ಹತ್ತಿರ ನಿಲ್ಲಲೇಬೇಕಿತ್ತು.

ಆದರೂ ನನ್ನ ಕೆಟ್ಟ ಬುದ್ಧಿ ಎಲ್ಲಿ ಹೋಗುತ್ತದೆ? ನಡಿಗೆ ಮುಗಿದ ಮೇಲೆ ಅವರು ಹೇಳಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಆಡಿದೆ. ಕೈ ಕಟ್ಟಿಕೊಂಡು ಕೇಳಿದರು. “ಇಷ್ಟೇನಾ? ಹಂಗಾದ್ರೆ ಒಂದ್ ಕೆಲ್ಸ ಮಾಡಿ. ಬರೋ ಶನಿವಾರ ಬೆಂಗಳೂರಿಂದ ಒಂದು ಫ್ಯಾಮಿಲಿ ಬರ್ತೈತೆ. ನೀವೂ ಬನ್ನಿ. ನಾನು ತಪ್ಪಿದ ಕಡೆ ಕೆಮ್ಮಿ, ಸರಿ ಮಾಡ್ಕಂತೀನಿ.” ನಾನು ಹೋದೆ. ಕೆಮ್ಮಿದೆ. ಕೋಟೆ ಬಾಗಿಲಿನಿಂದ ದರ್ಗಾದವರೆಗೆ ಕೆಮ್ಮಿದ್ದೇ ಕೆಮ್ಮಿದ್ದು. ಮೇಷ್ಟ್ರು ಒಂದನ್ನೂ ಸರಿ ಮಾಡಿಕೊಳ್ಳಲಿಲ್ಲ. ಕೊನೆಗೆ ಆ ಬೆಂಗಳೂರಿನ ಹೆಂಗಸು ಪಾಪ, ಬ್ಯಾಗಿನಿಂದ ಶುಂಠಿ ಪೆಪ್ಪರಮೆಂಟು ತೆಗೆದು ಕೊಟ್ಟು, “ಡಾಕ್ಟರಿಗೆ ಎದೆ ಒಂದ್ಸಲ ತೋರಿಸ್ಬಿಡಿ ಮೇಡಂ” ಅಂದಳು. ಮೇಷ್ಟ್ರು ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದರು. ನಮ್ಮಿಬ್ಬರ ಸ್ನೇಹ ಗಟ್ಟಿಯಾದದ್ದು ಹೀಗೆ.

ಆವತ್ತೇ ಅವರು ನನ್ನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದರು. ಮೇಷ್ಟ್ರ ಹೆಂಡತಿ ಪಾವಗಡದ ಕಡೆ, ವಳ್ಳೂರಿನವರು. ತವರಲ್ಲಿ ಮನೆಮಾತು ತೆಲುಗು. ಇಷ್ಟು ವರ್ಷ ಶಿರಾದಲ್ಲಿದ್ದರೂ ಅವರ ಕನ್ನಡದಲ್ಲಿ ಮಾತಿಗೊಂದು ತೆಲುಗು ಇಣುಕುತ್ತಿತ್ತು. “ರಾಮ್ಮಾ, ಬಾ, ಕೂತ್ಕೋ” ಅಂತ ಮಣೆ ಹಾಕಿದರು. ಮುದ್ದೆ ಬಡಿಸುತ್ತ, ತಮ್ಮೂರ ಹೊಲಗಳಲ್ಲೆಲ್ಲ ಈಗ ಸೋಲಾರ್ ಹಲಗೆ ನಿಲ್ಲಿಸಿರುವುದನ್ನು ಹೇಳಿದರು. “ನಮ್ಮೂರ್ನಾಗೆ ಈಗ ಬಿಸಿಲು ಬೆಳೀತಾರೆ ಕಣಮ್ಮ” ಅಂತ ನಕ್ಕರು. ನನ್ನನ್ನು ಮೇಡಮ್ಮ ಅನ್ನುತ್ತಿದ್ದರು. ಯಾಕೆ ಹಾಗೆ ಅಂತ ಕೇಳಿದ್ದಕ್ಕೆ, “ಮೇಡಂ ಅಂದ್ರೆ ಮೇಡದಾಗೆ ಇರೋರು ಅಂತ ತಾನೇ? ದೊಡ್ಡೋರು!” ಅಂದರು. ತೆಲುಗಿನಲ್ಲಿ ಮೇಡ ಅಂದರೆ ಮಹಡಿ ಮನೆ, ಬಂಗಲೆ. ನಾನಿರುವುದು ಮಧುಗಿರಿಯ ಒಂದು ವಠಾರದಲ್ಲಿ ಅಂತ ಹೇಳಿದರೂ ಅವರು ನಂಬಲಿಲ್ಲ.

ಆಮೇಲೆ ಸಹಜವಾಗಿ ಕೇಳಿದರು. “ನೀವು ಕೋಟೆಯೊಳಗಿನ ಮೇಡ ನೋಡಿದ್ರಾ?”

“ಯಾವ ಮೇಡ?”

ಈ ಸಲ ಕೆಮ್ಮಿದ್ದು ಮೇಷ್ಟ್ರು.

“ಅದೇ, ಎರಡಂತಸ್ತಿಂದು. ಮೇಲ್ಗಡೆ ಬಣ್ಣದ ಗಾಜಿನ ಕಿಟ್ಕಿ. ಉಯ್ಯಾಲೆ ಕಟ್ಟಿದ್ದ ಸರಪಣಿ ಇನ್ನೂ ಹಂಗೇ ಐತಂತೆ. ಮದುವೆಯಾದಾಗಿಂದ ಕೇಳ್ತಾ ಇದ್ದೀನಿ. ಒಂದಿನ ತೋರಿಸ್ತೀನಿ ತೋರಿಸ್ತೀನಿ ಅಂತ ಇವ್ರು ಇಷ್ಟು ವರ್ಷ ತಳ್ಳಿದ್ರು.” ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಬಹಳ ಮುತುವರ್ಜಿಯಿಂದ ಹುಡುಕುತ್ತಿದ್ದರು. ಕೋಟೆಯೊಳಗೆ ಅಂಥ ಕಟ್ಟಡ ಯಾವುದೂ ಇಲ್ಲ. ಇರುವುದು ಬಳ್ಳಾರಿ ಜಾಲಿ ಬೆಳೆದ ಒಂದು ಮಣ್ಣಿನ ದಿಬ್ಬ.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಮೇಷ್ಟ್ರು ದಾರಿಯಲ್ಲಿ ಬಾಯಿ ಬಿಟ್ಟರು. ಮದುವೆಯಾದ ಹೊಸದರಲ್ಲಿ ಆಕೆ ತವರು ನೆನೆಸಿಕೊಂಡು ಊಟ ಬಿಟ್ಟು ಅಳುತ್ತಿದ್ದರಂತೆ. ಸಮಾಧಾನ ಮಾಡಲು ಇವರು, “ಅಳ್ಬೇಡ ಕಣೇ, ಕೋಟೆ ಒಳಗೆ ಮೇಡು ಐತೆ, ಒಳ್ಳೆ ಗಾಳಿ, ಒಂದಿನ ಕರ್ಕಂಡು ಹೋಗ್ತೀನಿ” ಅಂದಿದ್ದಾರೆ. ಮೇಡು, ಅಂದರೆ ದಿಬ್ಬ. ಈಕೆಯ ಕಿವಿಗೆ ಅದು ಮೇಡ ಅಂತ ಬಿದ್ದಿದೆ. ಅಳು ನಿಲ್ಲಿಸಿ, “ಮೇಡನಾ? ಎಷ್ಟು ಅಂತಸ್ತು?” ಅಂತ ಕಣ್ಣರಳಿಸಿದ್ದಾರೆ.

“ಮನೆಗೆ ಬಂದ ಮೇಲೆ ಅವತ್ತೇ ಮೊದ್ಲು ಅವಳು ನಕ್ಕಿದ್ದು ಮೇಡಂ. ಅಲ್ಲ ಕಣೇ, ಅದು ಮಣ್ಣಿನ ಗುಡ್ಡೆ ಅಂತ ಹೆಂಗೆ ಹೇಳ್ಲಿ? ಎರಡು ಅಂದ್ಬುಟ್ಟೆ.”

ಎರಡು ಅಂದವರು ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಆಕೆ ಬೇಜಾರಾದಾಗಲೆಲ್ಲ ಮೇಡದ ಬಗ್ಗೆ ಕೇಳುವರು, ಇವರು ಒಂದೊಂದು ಸೇರಿಸುವರು. ಒಂದು ವರ್ಷ ಕಿಟಕಿಗೆ ಬಣ್ಣದ ಗಾಜು ಬಂತು, ಇನ್ನೊಂದು ವರ್ಷ ಉಯ್ಯಾಲೆ ಬಂತು. ಮಗಳು ಶಾಲೆಯಲ್ಲಿದ್ದಾಗ ಕೋಟೆಗೆ ಪಿಕ್‌ನಿಕ್ ಹೋಗಿ ಬಂದು ಮೇಡ ಎಲ್ಲಿ ಅಂತ ಕೇಳಿದಳಂತೆ. “ಬೀಗ ಹಾಕಿದ್ರು ಅಂತ ನಿಮ್ಮಮ್ಮಂಗೆ ಹೇಳು” ಅಂತ ಮಗುವಿನ ಬಾಯಿಗೂ ಬೀಗ ಹಾಕಿದ್ದರು. ಆಕೆಯೇ ಹೋಗಿ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮೊದಲು ಊರಾಚೆಯ ಮನೆಯಲ್ಲಿ ಅತ್ತೆ, ಎಮ್ಮೆ, ಮಗು, ಒಲೆ; ಊರೊಳಗೆ ಮನೆ ಕಟ್ಟಿದ ಮೇಲೂ ಆಕೆ ಕಂಡಿದ್ದು ಸಂತೆ ಮತ್ತು ಆಸ್ಪತ್ರೆ. ಮಧುಗಿರಿಯಲ್ಲೇ ಹುಟ್ಟಿದ ನಾನು ಮಧುಗಿರಿ ಬೆಟ್ಟ ಹತ್ತಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ನಮ್ಮ ಕಡೆ ಹೆಂಗಸರಿಗೆ ತಮ್ಮೂರು ತೋರಿಸಬೇಕು ಅಂತ ಯಾರಿಗೂ ತೋಚುವುದಿಲ್ಲ.

ಈ ಕತೆಯನ್ನು ನಗುತ್ತ ಹೇಳಿ ಮುಗಿಸಬಹುದಿತ್ತು. ಆದರೆ ಆ ಮಳೆಗಾಲದ ಹೊತ್ತಿಗೆ ಆಕೆ ಮನೆಯೊಳಗೇ ಬಾಗಿಲಿಗೆ ಹಣೆ ಗಟ್ಟಿಸಿಕೊಳ್ಳಲು ಶುರು ಮಾಡಿದರು. ತುಮಕೂರಿನ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದೂ ಬಹಳ ದಿನ ಇರಲಿಕ್ಕಿಲ್ಲ ಅಂದರು. ಪಕ್ಕದ್ದೆಲ್ಲ ಆಗಲೇ ಹೋಗಿತ್ತು. ಎದುರಿಗೆ ಒಂದು ತಟ್ಟೆಯಗಲ ಮಾತ್ರ ಕಾಣುತ್ತಿತ್ತು. ನಾನು ಇದನ್ನು ಬರೆಯುವ ಹೊತ್ತಿಗೆ ಅದೂ ಇಲ್ಲ.

ತುಮಕೂರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ಆಕೆ ಗಂಡನಿಗೆ ಹೇಳಿದರಂತೆ, “ನಂಗೆ ಕಾಶಿ ಬ್ಯಾಡ, ತಿರುಪ್ತಿ ಬ್ಯಾಡ. ಕಣ್ಣು ಪೂರ್ತಿ ಹೋಗೋದ್ರೊಳಗೆ ಆ ಮೇಡ ಒಂದ್ಸಲ ತೋರಿಸ್ಬುಡಿ ಮೇಷ್ಟ್ರೇ.”

ಅಲ್ಲಿಂದ ಮೇಷ್ಟ್ರ ನಿದ್ದೆ ಹಾರಿತು. ಮಳೆ ನಿಲ್ಲಲಿ ಅಂದರು. ಮುಳ್ಳು ಬೆಳೆದಿದೆ ಅಂದರು. ರಿಪೇರಿ ನಡೀತಿದೆ ಅಂದರು. ಒಂದು ದಿನ ಕಾಲೇಜಿನ ಗೇಟಿಗೇ ಬಂದು, ಬೆವರು ಒರೆಸಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದರು. “ನೀವು ಹಿಸ್ಟರಿ ಮೇಡಂ. ನೀವು ಹೇಳಿದ್ರೆ ನಂಬ್ತಾಳೆ. ಮೇಡ ಇತ್ತು, ಹೋದ ಮಳೇಲಿ ಬಿದ್ದೋಯ್ತು ಅಂತ ಒಂದು ಮಾತು ಹೇಳ್ಬುಡಿ.”

ನನಗೆ ರೇಗಿಹೋಯಿತು. “ಏನ್ ಮೇಷ್ಟ್ರೇ, ಊರೋರಿಗೆ ಹೇಳೋ ಸುರಂಗದ ಕತೇನಾ ಇದು? ಅವರ ಕಣ್ಣು ನಿಮ್ಮ ಟೈಂ ಟೇಬಲ್ ನೋಡ್ಕೊಂಡು ಕೂತಿರುತ್ತಾ? ಇವತ್ತೇ ಹೋಗಿ ನಿಜ ಹೇಳಿ.”

“ನಿಜ ಹೇಳಿದ್ರೆ ಅವಳಿಗೆ ಉಳಿಯೋದೇನು?” ಅಂದರು. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ ಆ ಮಾತನ್ನು ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಆಡಿದರು. ನಾನು ಸುಳ್ಳು ಹೇಳಲು ಒಪ್ಪಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಒಂದು ಕಾಲಕ್ಕೆ ಶಿರಾದಲ್ಲಿ ಅರಮನೆ ಇತ್ತು ಅನ್ನುವುದು ನಿಜ. ಅದು ಎಲ್ಲಿತ್ತು, ಎಷ್ಟಿತ್ತು, ಆ ದಿಬ್ಬಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ದಾರಿ ಹುಡುಕಿಕೊಂಡಿದ್ದು ಕೊನೆಗೆ ಆಕೆಯೇ. ನಾನೊಂದು ಸಂಜೆ ಅವರ ಮನೆಯ ಅಡುಗೆ ಕೋಣೆಯಲ್ಲಿ ಕೂತಿದ್ದೆ. ಮೇಷ್ಟ್ರು ಹೊರಗೆ ಜಗಲಿಯ ಮೇಲೆ ಶೂಗೆ ಬಿಳಿ ಬಳಿಯುತ್ತಿದ್ದರು. “ಮೇಡಮ್ಮ, ನಿಮ್ಮ ಫೋನ್ನಾಗೆ ಟೂರಿನ ನಂಬರ್ ಐತಲ್ಲ, ಹಚ್ಚಿ ಕೊಡಿ” ಅಂದರು. ಹಚ್ಚಿ ಕೊಟ್ಟೆ. ಜಗಲಿಯಲ್ಲಿ ಫೋನ್ ಹೊಡೆದುಕೊಂಡಿತು.

“ಹಲೋ,” ಈಕೆ ದನಿ ದಪ್ಪ ಮಾಡಿದರು, “ಭಾನುವಾರ ಬೆಳಿಗ್ಗೆಗೆ ಒಂದು ಟೂರ್ ಬೇಕಾಗಿತ್ತು.”

“ಕುಟುಂಬ ಎಷ್ಟು ಜನ?”

“ಒಬ್ಬಳೇ.”

“ಒಬ್ರೂ ಕುಟುಂಬ...” ಅನ್ನುತ್ತ ಮೇಷ್ಟ್ರು ಜಗಲಿಯಿಂದ ಅಡುಗೆ ಕೋಣೆಯ ಕಡೆ ತಿರುಗಿದರು. ಕಿವಿಯಲ್ಲಿ ಫೋನ್ ಹಾಗೇ ಇತ್ತು. ಆಕೆಯೂ ಫೋನ್ ಇಳಿಸಲಿಲ್ಲ. “ಬಂದ ಕುಟುಂಬಾನ ವಾಪಸ್ ಕಳ್ಸಲ್ವಂತೆ ನೀವು. ಹೌದಾ?” ಅಂದರು. ಮೇಷ್ಟ್ರು ಕೈಯಲ್ಲಿದ್ದ ಶೂ ಕೆಳಗಿಟ್ಟರು. ಆಮೇಲೆ ಫೋನಿನಲ್ಲೇ, “ಶೂ ಹಾಕ್ಕಂಡು ಬರತಕ್ಕದ್ದು” ಅಂದರು.

ಭಾನುವಾರ ಆಕೆ ಮೇಷ್ಟ್ರ ಹಳೇ ಕ್ಯಾನ್ವಾಸ್ ಶೂಗೆ ಮುಂದೆ ಬಟ್ಟೆ ತುರುಕಿ, ಕಾಲಿಗೆ ಬಿಗಿದು, ಮದುವೆ ಮನೆಗೆ ಉಡುವ ಸೀರೆ ಉಟ್ಟು ಬಂದರು. ಜೊತೆಗೆ ಬರಲೇಬೇಕು ಅಂತ ನನ್ನನ್ನೂ ಕರೆಸಿದ್ದರು. ಮೇಷ್ಟ್ರು ಕೋಟೆಯಿಂದ ಶುರು ಮಾಡುವುದು ಬಿಟ್ಟು ಪೇಟೆಯಿಂದ ಶುರು ಮಾಡಿದರು. ಯಾಕೆ ಅಂತ ನನಗೆ ಗೊತ್ತಿತ್ತು. ಆಕೆ ಒಂದೊಂದನ್ನೂ ಕತ್ತು ಆಡಿಸಿ ಆಡಿಸಿ, ತುಂಡು ತುಂಡಾಗಿ ನೋಡಿದರು. ಮಸೀದಿಯ ಮುಂದೆ, “ಓ, ಇದೇನಾ! ದಿನಾ ಬಾಂಗು ಕೇಳ್ತಿದ್ದೆ, ಮಕ ಇವತ್ತು ನೋಡ್ದೆ” ಅಂದರು. ಬಾಷಾನ ಅಂಗಡಿಯಲ್ಲಿ, “ನೀನೇನಾ ಬಾಷಾ? ಇವ್ರು ಹೇಳಿದ್ದು ಕೇಳಿ ಆರಡಿ ಆಳು ಅಂದ್ಕಂಡಿದ್ದೆ” ಅಂತ ಅವನನ್ನು ನಾಚಿಸಿದರು. ಮೇಷ್ಟ್ರು ಒಂದು ಟೀ ಕುಡಿಸಿದರು, ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ಕುಡಿಸಿದರು, ದರ್ಗಾದ ಹತ್ತಿರ ಮತ್ತೊಂದಕ್ಕೆ ಹೇಳಿದರು. ಮೊಗಲರು, ಮರಾಠರು ಎಲ್ಲರನ್ನೂ ಅದಲುಬದಲು ಮಾಡಿ ಹೇಳಿದರು. ನಾನು ಆವತ್ತು ಒಂದು ಸಲವೂ ಕೆಮ್ಮಲಿಲ್ಲ.

“ಮೇಷ್ಟ್ರೇ, ಟೀ ಕುಡ್ದು ಕುಡ್ದು ಹೊಟ್ಟೆ ಕೆರೆ ಆಗೈತೆ. ನಡೀರಿ ಮೇಡಕ್ಕೆ” ಅಂದರು ಆಕೆ.

ಕೋಟೆಯೊಳಗೆ ಬಂದೆವು. ದಿಬ್ಬದ ಬುಡದಲ್ಲಿ ಮೇಕೆಗಳು ಮೇಯುತ್ತಿದ್ದವು. ಯಾರ ಮನೆಯದೋ ಕಂಬಳಿ ಒಣಗಲು ಹರವಿದ್ದರು. ಮೇಷ್ಟ್ರು ನಿಂತರು. ಆಕೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮೇಲಕ್ಕೆ ನೋಡಿದರು. ಎರಡನೇ ಅಂತಸ್ತನ್ನು ಹುಡುಕುತ್ತಿದ್ದಾರೆ ಅಂತ ನನಗೆ ಹೊಳೆಯಿತು.

“ಎಲ್ಲಿ?”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ತಡೆಯಲಾರದೆ, “ಅಮ್ಮ, ಈ ಊರಲ್ಲಿ ಒಂದು ಕಾಲಕ್ಕೆ ಅರಮನೆ...” ಅಂತ ಬಾಯಿ ತೆರೆದೆ.

“ನೀವು ಸುಮ್ನಿರಿ ಮೇಡಮ್ಮ. ನಾನು ಗೈಡನ್ನ ಕೇಳ್ತಾ ಇದ್ದೀನಿ.”

ಇತ್ತು, ಬಿದ್ದೋಗೈತೆ. ಆ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟು ಜನರಿಗೆ ಹೇಳಿ ಹೇಳಿ ಸವೆದ ಮಾತು. ಹೇಳಿದ್ದರೆ ಆಕೆ ನಂಬುತ್ತಿದ್ದರು. ಮೇಷ್ಟ್ರು ಹೇಳಲಿಲ್ಲ.

“ಇಲ್ಲ ಕಣೇ” ಅಂದರು. “ಮೇಡ ಇಲ್ಲ. ಯಾವತ್ತೂ ಇರ್ಲಿಲ್ಲ. ನಾನು ಅವತ್ತು ಅಂದಿದ್ದು ಮೇಡು. ಈ ದಿಬ್ಬ. ನಿಂಗೆ ಹಂಗೆ ಕೇಳಿಸ್ತು. ನೀನು ನಕ್ಬುಟ್ಟೆ. ನಿಜ ಹೇಳಕ್ಕೆ ನಂಗೆ ಬಾಯಿ ಬರಲಿಲ್ಲ.”

ಆಕೆ ಗಂಡನ ಕಡೆ ತಿರುಗಿದರು. ಆಮೇಲೆ ಬಂದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಷ್ಟ್ರೇ ಅನ್ನುವುದು ಬಿದ್ದುಹೋಗಿತ್ತು. “ಏಮಯ್ಯಾ? ಇದೇನಾ ನಿನ್ ಮೇಡ? ಎಲ್ಲಾ ಅಬದ್ಧನಾ? ನಿಮ್ಮವ್ವ ಬೈದ ದಿನ ನಾನು ಎಲ್ಲಿಗೋಗ್ತಿದ್ದೆ ಗೊತ್ತಾ? ಎಮ್ಮೆ ಹಾಲು ಕರೀತಾ ಕರೀತಾ ಮನಸ್ನಾಗೆ ಆ ಮೇಡ ಹತ್ತಿ ಕಿಟ್ಕಿ ತಾವ ಕುಂತ್ಕಂತಿದ್ದೆ. ನಮ್ಮಪ್ಪ ಸತ್ತಾಗ ಅಲ್ಲೇ ಕುಂತು ಅತ್ತಿದ್ದು ನಾನು. ಈ ಕಣ್ಣಾಗೆ ಉಳಿದಿರೋ ಇಷ್ಟ್ ಬೆಳಕನ್ನ ಅದಕ್ಕೇ ಅಂತ ಜೋಪಾನ ಮಾಡ್ಕಂಡು ಬಂದೆ. ಮಣ್ಣು ತೋರಿಸ್ತಾ ಇದೀಯಲ್ಲಯ್ಯಾ ನಂಗೆ!”

ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಬೆನ್ನ ಹಿಂದಿನ ಕೈಗಳು ಬಿಚ್ಚಿ ಪಕ್ಕದಲ್ಲಿ ಜೋತುಬಿದ್ದಿದ್ದವು. ಮೇಕೆ ಕಾಯುತ್ತಿದ್ದ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ನನಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು.

ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ದೊಡ್ಡ ಶೂಗಳಲ್ಲಿ ದಿಬ್ಬ ಹತ್ತಲು ಶುರು ಮಾಡಿಬಿಟ್ಟರು. ಮೇಷ್ಟ್ರು ಓಡಿಹೋಗಿ ಕೈ ಹಿಡಿದರು. ಆಕೆ ಕೊಸರಿಕೊಂಡರು. ಇವರು ಮತ್ತೆ ಹಿಡಿದರು, ಆಕೆ ಮತ್ತೆ ಕೊಸರಿಕೊಂಡರು. ಅರ್ಧದಲ್ಲಿ ಕಾಲು ಜಾರಿದಾಗ ಆಕೆಯೇ ಅವರ ತೋಳು ಹಿಡಿದುಕೊಂಡರು, ಆಮೇಲೆ ಬಿಡಲಿಲ್ಲ. ನಾನು ಹಿಂದೆ ಹತ್ತಿದೆ.

ಮೇಲೆ ಗಾಳಿ ಚೆನ್ನಾಗಿತ್ತು. ಆಕೆ ಏದುಸಿರು ಬಿಡುತ್ತ ಎದುರಿಗೆ ದೃಷ್ಟಿ ನಿಲ್ಲಿಸಿದರು. ತಟ್ಟೆಯಗಲದಲ್ಲಿ ಏನು ಕಂಡಿತೋ. “ಅದೇನು, ಬೆಳ್ಳಗೆ?” ಅಂದರು. ಮಸೀದಿಯ ಗುಮ್ಮಟ ಅಂದರು ಮೇಷ್ಟ್ರು. “ಅದು?” ದರ್ಗಾ. “ಅದು?” ಹುಣಸೆ ಮರ, ಅದರ ಹಿಂದೆ ಹೆದ್ದಾರಿ, ಲಾರಿ ಹೋಗ್ತಾ ಐತೆ ನೋಡು. ಆಕೆಗೆ ಪಕ್ಕದ್ದು ಕಾಣದ್ದರಿಂದ ಮೇಷ್ಟ್ರು ಎರಡೂ ಭುಜ ಹಿಡಿದು ಒಂದೊಂದಿಷ್ಟೇ ತಿರುಗಿಸುತ್ತಿದ್ದರು, ಆಕೆ ಒಂದೊಂದಿಷ್ಟೇ ನೋಡುತ್ತಿದ್ದರು. ಮಹಡಿಗಳ ಮೇಲೆ ಒಣಗುತ್ತಿದ್ದ ಬಟ್ಟೆ, ಕೋಳಿ, ಕಡಲೇಕಾಯಿ ಹರವಿದ ಚಾಪೆ, ಯಾರೋ ತಲೆ ಬಾಚಿಕೊಳ್ಳುತ್ತಿದ್ದದ್ದು. ಕೇಳಿದ್ದಕ್ಕೆಲ್ಲ ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

“ಅಗೋ, ಆ ಹಸಿರು ನೀರಿನ ಟ್ಯಾಂಕು ಯಾರ ಮನೇದು?”

“ಅದು ನಮ್ಮನೇದೇ ಕಣೇ.”

“ನಮ್ಮನೆನಾ?” ಆಕೆ ಕಣ್ಣು ಕಿರಿದು ಮಾಡಿ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. “ಇಷ್ಟು ಹತ್ರ ಇತ್ತಾ ಇದು?”

ಮೇಷ್ಟ್ರು ಆಕೆಯ ಭುಜವನ್ನು ಇನ್ನೊಂದಿಷ್ಟು ಆ ಕಡೆ ತಿರುಗಿಸಿದರು.

“ಎಷ್ಟು ಚೆನ್ನಾಗೈತೆ ಊರು” ಅಂದರು ಆಕೆ. “ಇಷ್ಟು ಚೆನ್ನಾಗಿರೋದನ್ನ ಇಟ್ಕಂಡು ಸುಳ್ಳು ಯಾಕಯ್ಯಾ ಹೇಳ್ದೆ ನಂಗೆ? ಇದನ್ನೇ ತೋರಿಸಿದ್ರೆ ಆಗ್ತಿರ್ಲಿಲ್ವಾ?”

ಮೇಷ್ಟ್ರು ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತು. ಆಕೆ ಮಾತ್ರ ಅಳಲಿಲ್ಲ. ಗಾಳಿಯಲ್ಲಿ ಕೈಯಾಡಿಸಿ ಅವರ ತಲೆ ಹುಡುಕಿ, ಅದರ ಮೇಲೆ ಕೈಯಿಟ್ಟರು.

“ಸುಮ್ಕಿರು. ಅಳಕ್ಕೆ ಆಮೇಲೆ ಬೇಕಾದಷ್ಟು ಹೊತ್ತೈತೆ. ಏಳು, ಎದ್ದೇಳು. ನಂಗೆ ಕಾಣ್ತಿರೋವಾಗ್ಲೇ ಇನ್ನೊಂದು ಸುತ್ತು ತೋರಿಸ್ಬುಡು.”

ಮೇಷ್ಟ್ರು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಎದ್ದರು. ಆಕೆಯ ಭುಜ ಹಿಡಿದು, ಮೊದಲಿನಿಂದ ಶುರು ಮಾಡಿದರು.